ಏಣಿ ಡಬ್ಬದಲ್ಲಿ ಸಿಕ್ಕ ಜಾತಕ

ಓಟು ಹಾಕಿದ ದಿನದಿಂದ ಫಲಿತಾಂಶ ಬರುವ ದಿನದವರೆಗೆ ಜನಕ್ಕೆ ಏನಾದರೊಂದು ಆಗುತ್ತಲೇ ಇರುತ್ತದೆ. ಗೆದ್ದವರಿಗೂ ಸೋತವರಿಗೂ ಆದದ್ದು ಪತ್ರಿಕೆಯಲ್ಲಿ ಬರುತ್ತದೆ. ಉಳಿದವರಿಗೆ ಆದದ್ದು ಎಲ್ಲೂ ಬರುವುದಿಲ್ಲ.

ನಾನು ಆಗ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತ. ಐವತ್ತೆರಡರಲ್ಲೂ ಐವತ್ತೇಳರಲ್ಲೂ ವಿಧಾನಸಭೆಯ ಓಟು ಎಣಿಸಲು ನನ್ನನ್ನು ಹಾಕಿದ್ದರು. ಆಗಿನ ಪದ್ಧತಿಯನ್ನು ಈಗಿನವರಿಗೆ ಸ್ವಲ್ಪ ವಿವರಿಸಬೇಕು. ಓಟಿನ ಕಾಗದದ ಮೇಲೆ ಯಾವ ಅಭ್ಯರ್ಥಿಯ ಹೆಸರೂ ಇರುತ್ತಿರಲಿಲ್ಲ. ಒತ್ತುವುದಕ್ಕೆ ಮುದ್ರೆಯೂ ಇರಲಿಲ್ಲ. ಪರದೆಯ ಹಿಂದೆ ಒಬ್ಬೊಬ್ಬ ಅಭ್ಯರ್ಥಿಗೆ ಒಂದೊಂದು ಕಬ್ಬಿಣದ ಡಬ್ಬ, ಡಬ್ಬದ ಮೇಲೆ ಅವರವರ ಗುರುತಿನ ಚಿತ್ರ. ಒಬ್ಬರೇ ಒಳಗೆ ಹೋಗಿ, ಕಾಗದವನ್ನು ತಮಗೆ ಬೇಕಾದ ಡಬ್ಬದೊಳಗೆ ಹಾಕಿ ಬರಬೇಕು. ಒಳಗೆ ಏನು ಹಾಕಿದಿರಿ ಎಂದು ಯಾರೂ ನೋಡುತ್ತಿರಲಿಲ್ಲ. ಮುಂದೆ ಹೇಳುವುದೆಲ್ಲ ಈ ಕೊನೆಯ ವಾಕ್ಯದಿಂದ ಆದದ್ದು.

ಅಭ್ಯರ್ಥಿಗಳ ನಿಜವಾದ ಗುರುತುಗಳನ್ನು ಇಲ್ಲಿ ಬದಲಾಯಿಸಿದ್ದೇನೆ. ಅವರ ಮೊಮ್ಮಕ್ಕಳು ಇನ್ನೂ ಇದೇ ಕಡೆ ಇದ್ದಾರೆ. ಕೆಲವರು ನನಗೆ ದಿನಾ ಪಾರ್ಕಿನಲ್ಲಿ ಸಿಗುತ್ತಾರೆ.

೧. ಡಬ್ಬದ ಸಾಹೇಬರು

ಮೊದಲನೆಯ ಸಲ ಎಣಿಕೆಗೆ ಕೂತಾಗ ನಮ್ಮ ಮೇಜಿಗೆ ಬೇಗೂರು ಕಡೆಯ ಒಂದು ಡಬ್ಬ ಬಂತು. ಬಿಚ್ಚಿ ಸುರಿದೆವು. ಓಟಿನ ಕಾಗದಗಳ ಜೊತೆ ಅರಿಸಿನ, ಕುಂಕುಮ, ಬಾಡಿದ ಸೇವಂತಿಗೆ, ಎರಡು ಅಡಿಕೆ, ಮತ್ತು ನಾಲ್ಕಾಗಿ ಮಡಿಸಿದ ಒಂದು ಅರ್ಜಿ ಬಿತ್ತು. ಅರ್ಜಿಯ ಮೇಲೆ "ಡಬ್ಬದ ಸಾಹೇಬರ ಸಮ್ಮುಖಕ್ಕೆ" ಎಂದು ವಿಳಾಸವಿತ್ತು. ಕೆರೆಯ ತೂಬು ಕಿತ್ತುಹೋಗಿದೆ, ದಯಮಾಡಿ ನೋಡಬೇಕು ಅಂತ ಒಕ್ಕಣೆ. ಸರ್ಕಾರ ಅಷ್ಟು ದೂರ ಬಂದು, ಬೀಗ ಹಾಕಿಕೊಂಡು, ಬಾಯಿ ತೆರೆದು ಕೂತಿದ್ದನ್ನು ಹಳ್ಳಿಯವರು ಅದೇ ಮೊದಲು ನೋಡಿದ್ದು. ಕೈಯಲ್ಲಿದ್ದದ್ದನ್ನೆಲ್ಲ ಹಾಕಿದ್ದರು.

ಕೊನೆಗೆ ಒಂದು ನಿಂಬೆಹಣ್ಣು ಉರುಳಿತು.

ನಮ್ಮ ಅಧಿಕಾರಿ ಬಹಳ ಶಿಸ್ತಿನ ಮನುಷ್ಯ. ಡಬ್ಬದ ಸೀಳು ಬೆರಳು ದಪ್ಪ ಇಲ್ಲ, ನಿಂಬೆಹಣ್ಣು ಒಳಗೆ ಹೋದದ್ದು ಹೇಗೆ? ಡಬ್ಬವನ್ನು ಯಾರಾದರೂ ನಡುವೆ ತೆರೆದರೋ? ಎಣಿಕೆ ನಿಂತಿತು. ಜವಾನನನ್ನು ಕಳಿಸಿ ಮಾರ್ಕೆಟ್ಟಿನಿಂದ ಅದೇ ಗಾತ್ರದ ನಿಂಬೆಹಣ್ಣು ತರಿಸಿದರು. ಉದ್ದಕ್ಕೆ ತುರುಕಿದರು, ಅಡ್ಡಕ್ಕೆ ತುರುಕಿದರು. ಹೋಗಲಿಲ್ಲ. ಮೊಹರು ನೋಡಿದರು, ಸರಿಯಾಗಿತ್ತು. ಅರ್ಧ ಗಂಟೆ ಹೀಗೇ ಕಳೆದ ಮೇಲೆ ಮೂಲೆಯಲ್ಲಿ ಕೂತಿದ್ದ ಬೇಗೂರಿನ ಹಿರಿಯ ಏಜೆಂಟರೊಬ್ಬರು ಎದ್ದು ಹೇಳಿದರು:

"ಸ್ವಾಮಿ, ಹಾಕೋವಾಗ ಅದು ಪೀಚು. ಎಣಿಸೋಕೆ ನೀವು ಹದಿನೈದು ದಿನ ತಗೊಂಡ್ರಲ್ಲ, ಒಳಗೇ ಬೆಳೀತು."

೨. ಒಂದೇ ಜೇಬು

ಐವತ್ತೇಳರ ಹೊತ್ತಿಗೆ ನಾನು ಜಯನಗರದ ಅಂಚಿನ ಒಂದು ವಠಾರದಲ್ಲಿದ್ದೆ. ನಮ್ಮ ಮನೆಯ ಹಿಂದಿನಿಂದ ಸಾರಕ್ಕಿಯವರೆಗೆ ಹುರುಳಿ ಹೊಲ. ನಡುನಡುವೆ ಸೈಟಿನ ನಂಬರು ಬರೆದ ಕಲ್ಲುಗಳು. ರಾತ್ರಿಯ ನರಿಗಳಿಗೂ ಹಗಲಿನ ಸೈಟುದಾರರಿಗೂ ಆ ಕಲ್ಲುಗಳೇ ದಾರಿ ತೋರಿಸುತ್ತಿದ್ದವು.

ಪಕ್ಕದ ಮನೆಯಲ್ಲಿ ಒಬ್ಬ ಡ್ರಾಯಿಂಗ್ ಮೇಷ್ಟ್ರು. ಹೆಂಡತಿ, ಒಬ್ಬಳೇ ಮಗಳು. ಮಗಳಿಗೆ ಇಪ್ಪತ್ತು ತುಂಬಿತ್ತು. ಎಸ್ಸೆಸ್ಸೆಲ್ಸಿ ಮುಗಿಸಿ ಮನೆಯಲ್ಲಿ ಹೊಲಿಗೆ ಮಿಷನ್ನು ತುಳಿಯುತ್ತಿದ್ದಳು. ಮೂರು ವರ್ಷ ಹುಡುಕಿದ ಮೇಲೆ ಮೂರನೆಯ ಬ್ಲಾಕಿನ ಒಬ್ಬ ನಿವೃತ್ತ ಶಿರಸ್ತೇದಾರರು ತಮ್ಮ ಮಗನಿಗೆ ಜಾತಕ ಕೊಡಿ ಎಂದು ಹೇಳಿಕಳಿಸಿದ್ದರು. ಒಳ್ಳೆಯ ಮನೆ, ಹುಡುಗನಿಗೆ ಸರ್ಕಾರಿ ಕೆಲಸ. ಮೇಷ್ಟ್ರು ಒಳ್ಳೆಯ ದಿನ ನೋಡಿದರು. ಅದೇ ದಿನ ಓಟಿನ ದಿನವೂ ಆಗಿತ್ತು.

ಹೋಗುವ ದಾರಿಯಲ್ಲೇ ಓಟು ಹಾಕಿ ಹೋಗೋಣ ಎಂದು ಅವರು ಜಾತಕವನ್ನು ನಾಲ್ಕಾಗಿ ಮಡಿಸಿ ಕೋಟಿನ ಜೇಬಿನಲ್ಲಿಟ್ಟುಕೊಂಡರು. ಮತಗಟ್ಟೆಯಲ್ಲಿ ಕೊಟ್ಟ ಓಟಿನ ಕಾಗದವನ್ನೂ ಮಡಿಸಿ ಅದೇ ಜೇಬಿಗೆ ಇಳಿಸಿ, ಪರದೆಯ ಹಿಂದೆ ಹೋದರು. ಬೇರೆಯವರಾಗಿದ್ದರೆ ಕೈಯಲ್ಲಿರುವ ಕಾಗದವನ್ನು ಒಮ್ಮೆ ನೋಡುತ್ತಿದ್ದರು. ಇವರು ಡ್ರಾಯಿಂಗ್ ಮೇಷ್ಟ್ರು, ಡಬ್ಬದ ಮೇಲಿನ ಚಿತ್ರಗಳನ್ನು ನೋಡಿದರು.

"ತಕ್ಕಡಿ ಬರೆದವನಿಗೆ ನಾನು ಪಾಸ್ ಮಾರ್ಕೂ ಕೊಡ್ತಿರಲಿಲ್ಲ ಕಣ್ರೀ," ಎಂದು ಅವರು ಆಮೇಲೆ ನನಗೆ ಹೇಳಿದರು. "ಒಂದು ತಟ್ಟೆ ದೊಡ್ಡದು, ಒಂದು ಚಿಕ್ಕದು. ದೋಣಿ ನೀರಿನ ಮೇಲೇ ಇಲ್ಲ. ಏಣಿ ಮಾತ್ರ ನೆಟ್ಟಗಿತ್ತು. ಮೆಟ್ಟಿಲುಗಳ ಅಳತೆ ಸರಿಯಾಗಿತ್ತು. ಏಣಿಗೆ ಹಾಕಿದೆ."

ಹೊರಗೆ ಬಂದು ನೇರವಾಗಿ ಶಿರಸ್ತೇದಾರರ ಮನೆಗೆ ಹೋದರು. ಜೇಬಿನಲ್ಲಿದ್ದ ಕಾಗದವನ್ನು ತಟ್ಟೆಯಲ್ಲಿಟ್ಟು, ಮೇಲೆ ಒಂದು ಹೂವಿಟ್ಟು ಕೊಟ್ಟರು. ಶಿರಸ್ತೇದಾರರು ಕಣ್ಣಿಗೆ ಒತ್ತಿಕೊಂಡು ಬಿಡಿಸಿದರು. ಬಹಳ ಹೊತ್ತು ಓದಿದರು.

"ಹುಡುಗಿ ನಕ್ಷತ್ರ ಯಾವುದು ಅಂದ್ರಿ?"

"ರೋಹಿಣಿ. ಅದರಲ್ಲೇ ಇದೆಯಲ್ಲ."

"ಇದರಲ್ಲಿ ಒಂದು ನಂಬರ್ ಇದೆ. ಸರ್ಕಾರದ ಗುರುತಿದೆ." ಶಿರಸ್ತೇದಾರರು ಕಾಗದವನ್ನು ತಟ್ಟೆಗೆ ಹಾಕಿ ಕೈ ಹಿಂದಕ್ಕೆ ತೆಗೆದುಕೊಂಡರು. "ಮೇಷ್ಟ್ರೇ, ಇದು ಓಟು. ಮತಗಟ್ಟೆಯಿಂದ ಇದನ್ನ ಹೊರಗೆ ತರೋದು ಅಪರಾಧ. ನಾನು ಮೂವತ್ತು ವರ್ಷ ಕೋರ್ಟಿನಲ್ಲಿ ಇದ್ದವನು. ಈಗ ನಾನು ಕಣ್ಣು ಮುಚ್ಚಿಕೊಳ್ತೀನಿ. ನೀವು ತೆಗೆದುಕೊಂಡು ಹೋಗಿಬಿಡಿ. ಯುಗಾದಿಯೊಳಗೆ ಜಾತಕ ಬಂದರೆ ಸರಿ. ಇಲ್ಲದಿದ್ದರೆ ಮಂಡ್ಯದಲ್ಲಿ ಇನ್ನೊಂದು ಹುಡುಗಿ ಇದೆ."

ಅವರು ಮಾತಿನಂತೆ ಕಣ್ಣು ಮುಚ್ಚಿಕೊಂಡರು. ಮೇಷ್ಟ್ರು ಕಾಗದ ತೆಗೆದುಕೊಂಡು ಎದ್ದರು. ಅಷ್ಟರಲ್ಲಿ ಒಳಗಿನಿಂದ ಕಾಫಿ ಬಂತು. ಬಿಟ್ಟುಹೋಗುವುದು ಮರ್ಯಾದೆಯಲ್ಲ ಎಂದು ಮತ್ತೆ ಕೂತರು. ಅಪರಾಧಿ ಹೊಸ್ತಿಲು ದಾಟುವವರೆಗೆ ಕಣ್ಣು ಬಿಡಬಾರದೆಂದು ಶಿರಸ್ತೇದಾರರು ತೀರ್ಮಾನಿಸಿದ್ದರಿಂದ, ಇಬ್ಬರೂ ಎದುರುಬದುರು ಕೂತು, ಒಬ್ಬರು ಕಣ್ಣು ಬಿಟ್ಟು, ಒಬ್ಬರು ಕಣ್ಣು ಮುಚ್ಚಿ, ಕಾಫಿ ಕುಡಿದರು.

೩. ಹಾಲಿನವನ ಹೊತ್ತು

ಹಾಗಾದರೆ ಇನ್ನೊಂದು ಜಾತಕ ಬರೆಸಿ ಎಂದು ನಾನು ಅಂದೆ. ನನ್ನ ಈ ಸಲಹೆಯಿಂದ ಆ ಮನೆಯಲ್ಲಿ ಎರಡು ದಿನ ಅಡುಗೆ ಕೆಟ್ಟಿತು.

ಮೊದಲ ಜಾತಕ ಬರೆದ ಜೋಯಿಸರು ತೀರಿಕೊಂಡಿದ್ದರು. ಅದಕ್ಕೆ ನಕಲು ಇರಲಿಲ್ಲ. ಯಡಿಯೂರಿನಲ್ಲಿ ಒಬ್ಬ ಹೊಸ ಜೋಯಿಸರಿದ್ದರು. ಮನೆಗೇ ಕರೆದುಕೊಂಡು ಬಂದೆವು. ಹುಟ್ಟಿದ ದಿನ ಎಲ್ಲರಿಗೂ ಗೊತ್ತಿತ್ತು. ಜೋಯಿಸರು ಹೊತ್ತು ಕೇಳಿದರು.

"ಬೆಳಗಿನ ಜಾವ. ಹಾಲಿನವನು ಬಂದಿದ್ದ," ಎಂದರು ಮೇಷ್ಟ್ರ ಹೆಂಡತಿ.

"ಅಲ್ಲ, ಸಾಯಂಕಾಲ. ಹಾಲಿನವನು ಸಾಯಂಕಾಲಾನೂ ಬರ್ತಿದ್ದ," ಎಂದರು ಮೇಷ್ಟ್ರು.

"ಹೆತ್ತವಳು ನಾನು!"

"ಹೊರಗೆ ಕೂತು ಗಡಿಯಾರ ನೋಡಿದವನು ನಾನು!"

"ನೋಡಿದ್ರಲ್ಲ, ಎಷ್ಟಾಗಿತ್ತು ಹೇಳಿ."

"ಗಡಿಯಾರ ನಿಂತಿತ್ತು."

ಜೋಯಿಸರು ಬಹಳ ಸಮಾಧಾನದವರು. ಬೆಳಿಗ್ಗೆ ಹುಟ್ಟಿದ್ದರೆ ಒಂದು ಕುಂಡಲಿ, ಸಂಜೆ ಹುಟ್ಟಿದ್ದರೆ ಒಂದು ಕುಂಡಲಿ, ಎರಡನ್ನೂ ಹಾಕಿದರು. ಮೊದಲನೆಯದರ ಪ್ರಕಾರ ಹುಡುಗಿ ಮಿತಭಾಷಿ, ಹಿರಿಯರ ಮಾತು ಮೀರದವಳು. ಎರಡನೆಯದರ ಪ್ರಕಾರ ಬಾಯಿ ಜೋರು, ತನಗೆ ಸರಿ ಕಂಡದ್ದನ್ನೇ ಮಾಡುವವಳು. ಯಾವುದು ನಿಮ್ಮ ಮಗಳು ಅಂತ ನೀವೇ ಹೇಳಿಬಿಡಿ ಎಂದರು.

ಇಬ್ಬರೂ ಒಟ್ಟಿಗೆ, "ಮೊದಲನೇದು," ಎಂದರು.

ಹೊಲಿಗೆ ಮಿಷನ್ನು ನಿಂತಿತು. "ಅಪ್ಪ, ಸುಳ್ಳು ಜಾತಕ ಮಾಡಿಸಿ ನನ್ನನ್ನ ಅವರ ಮನೆಗೆ ಕಳಿಸಿದರೆ, ಮಾರನೇ ದಿನವೇ ವಾಪಸ್ ಕಳಿಸ್ತಾರೆ. ಬಸ್ ಚಾರ್ಜು ದಂಡ. ನಿಜವಾದ್ದು ಡಬ್ಬದಲ್ಲಿದೆಯಲ್ಲ, ಸುಮ್ಮನೆ ಕಾಯಿರಿ," ಎಂದಳು.

ಜೋಯಿಸರು ಎರಡನೆಯ ಕುಂಡಲಿಗೆ ಮೆಲ್ಲಗೆ ಗುರುತು ಹಾಕಿಕೊಂಡರು.

೪. ರಾಜಕೀಯ ಪ್ರಜ್ಞೆ

ಹೀಗಾಗಿ, ಗೆಲುವು ಯಾರದೆಂದು ಎಳ್ಳಷ್ಟೂ ಚಿಂತೆಯಿಲ್ಲದ ಮೇಷ್ಟ್ರು ಇಡೀ ಜಯನಗರದಲ್ಲಿ ಎಣಿಕೆಗೆ ಎಲ್ಲರಿಗಿಂತ ಹೆಚ್ಚು ಹಂಬಲಿಸುವ ಮನುಷ್ಯರಾದರು. ಎಣಿಕೆ ಯಾವತ್ತು ಎಂದು ಇನ್ನೂ ಪ್ರಕಟವಾಗಿರಲಿಲ್ಲ. ಯುಗಾದಿ ಮಾತ್ರ ಪಂಚಾಂಗದಲ್ಲಿ ಪ್ರಕಟವಾಗಿತ್ತು.

ವಠಾರದಲ್ಲಿ ಆ ಮನೆಯವರನ್ನು ಬಿಟ್ಟರೆ ವಿಷಯ ಗೊತ್ತಿದ್ದದ್ದು ನನಗೆ ಮಾತ್ರ. ಹೊರಗೆ ಹೇಳುವಂತೆಯೂ ಇರಲಿಲ್ಲ. ಯಾಕೆಂದರೆ ನಮ್ಮ ವಠಾರದ ಮಾಲೀಕರು ಸಾರಕ್ಕಿಯ ಗೌಡರು, ತಕ್ಕಡಿ ಕಡೆಯ ದೊಡ್ಡ ಏಜೆಂಟರು. ಬಾಡಿಗೆದಾರರೆಲ್ಲ ತಕ್ಕಡಿಗೇ ಹಾಕುತ್ತಾರೆಂದು ಅವರು ಅಭ್ಯರ್ಥಿಗೆ ಮಾತು ಕೊಟ್ಟಿದ್ದರು. ಮೇಷ್ಟ್ರಿಂದಲೂ ಮಾತು ತೆಗೆದುಕೊಂಡಿದ್ದರು. ಜಾತಕ ಏಣಿ ಡಬ್ಬದಿಂದ ಹೊರಗೆ ಬಂದರೆ ಮೇಷ್ಟ್ರು ಮನೆಯಿಂದ ಹೊರಗೆ ಹೋಗಬೇಕಾಗುತ್ತಿತ್ತು.

ಮೇಷ್ಟ್ರು ದಿನಾ ಬೆಳಿಗ್ಗೆ ರೇಡಿಯೋ ಇದ್ದ ಹೋಟೆಲಿಗೆ ಹೋಗಿ ಕಿವಿಗೊಟ್ಟು ಕೂರತೊಡಗಿದರು. ಡಬ್ಬಗಳನ್ನು ಎಲ್ಲಿಟ್ಟಿದ್ದಾರೆ, ಮಳೆ ಬಂದರೆ ಸೋರುತ್ತದೆಯೇ, ಇಲಿ ಇದೆಯೇ ಎಂದು ವಿಚಾರಿಸತೊಡಗಿದರು. ಮನುಷ್ಯ ಒಳಗಿನ ಗುಟ್ಟು ತಿಳಿದವನು ಎಂದು ಊರು ತೀರ್ಮಾನಿಸಿತು. ಕ್ಷೌರದಂಗಡಿಯಲ್ಲಿ ಅವರಿಗೆ ಮೊದಲು ಕುರ್ಚಿ ಬಿಡುತ್ತಿದ್ದರು. ತಕ್ಕಡಿಯವರು ಬಂದು, "ಏನ್ ಮೇಷ್ಟ್ರೇ, ಹೆಂಗಿದೆ ನಮ್ ಗಾಳಿ?" ಎಂದು ಕೇಳಿದರು. ಏಣಿಯವರು ಬಂದು ಅದನ್ನೇ ಕೇಳಿದರು.

"ಯಾರಾದರೂ ಬರಲಿ ಸ್ವಾಮಿ, ಬೇಗ ಡಬ್ಬ ತೆರೆದರೆ ಸಾಕು," ಎಂದು ಮೇಷ್ಟ್ರು ಇಬ್ಬರಿಗೂ ಹೇಳಿದರು.

ಈ ಮಾತಿನಲ್ಲಿದ್ದ ಧೈರ್ಯ ನೋಡಿ ಎರಡೂ ಕಡೆಯವರು ಹೆದರಿದರು. ನಾಲ್ಕು ದಿನ ಕಳೆಯುವಷ್ಟರಲ್ಲಿ ದೋಣಿ ಗುರುತಿನ ಅಭ್ಯರ್ಥಿ ಖುದ್ದಾಗಿ ಹೋಟೆಲಿಗೆ ಬಂದು, ಮೇಷ್ಟ್ರನ್ನು ಪಕ್ಕಕ್ಕೆ ಕರೆದು, "ನಿಜ ಹೇಳಿಬಿಡಿ ಸಾರ್, ನಾನು ಮನೇಲಿ ಹೇಳಬೇಕು," ಎಂದರು.

ಮೇಷ್ಟ್ರಿಗೆ ಪಾಪ ಅನ್ನಿಸಿತು. "ನಿಮ್ಮ ದೋಣಿ ಕೆಳಗೆ ಎರಡು ಗೆರೆ ನೀರು ಹಾಕಿಸಬೇಕಿತ್ತು," ಎಂದರು.

ಆ ಮಾತಿನ ಗೂಢಾರ್ಥವನ್ನು ದೋಣಿಯವರು ಫಲಿತಾಂಶ ಬರುವವರೆಗೂ ಚರ್ಚಿಸಿದರು.

೫. ಎಣಿಕೆಯ ಮೇಜು

ಕೊನೆಗೆ ಯುಗಾದಿಗೆ ಮೂರು ದಿನ ಇದೆ ಎನ್ನುವಾಗ ಎಣಿಕೆ ಬಂತು. ಒಂದು ಹೈಸ್ಕೂಲಿನ ದೊಡ್ಡ ಹಾಲ್. ಬೆಂಚುಗಳನ್ನು ಜೋಡಿಸಿ ಮೇಜು ಮಾಡಿದ್ದರು. ನಾನು ಜಯನಗರದ ಮೇಜನ್ನೇ ಕೇಳಿ ಹಾಕಿಸಿಕೊಂಡಿದ್ದೆ. ಕಾಗದ ಕಂಡ ಕೂಡಲೇ ಸದ್ದಿಲ್ಲದೆ ಪಕ್ಕಕ್ಕೆ ಸರಿಸಿ, ಆಮೇಲೆ ಅಧಿಕಾರಿಗೆ ಮೆಲ್ಲಗೆ ತಿಳಿಸುವುದು ಎಂದು ನಾನೂ ಮೇಷ್ಟ್ರೂ ಮಾತಾಡಿಕೊಂಡಿದ್ದೆವು.

ಮೇಜಿನ ಆಚೆ ಬದಿ ತಕ್ಕಡಿಯ ಏಜೆಂಟರಾಗಿ ನಮ್ಮ ಮನೆ ಮಾಲೀಕ ಗೌಡರು ಕೂತರು. ಅವರ ಪಕ್ಕದಲ್ಲಿ ಏಣಿಯ ಏಜೆಂಟ್. ಏಣಿಯ ಅಭ್ಯರ್ಥಿ ದಾವಣಗೆರೆ ಕಡೆಯಿಂದ ಬಂದು ಜಯನಗರದಲ್ಲಿ ಬಟ್ಟೆ ಅಂಗಡಿ ಇಟ್ಟ ಸಾಹುಕಾರರು. ಅವರ ಅಂಗಡಿಯ ಗುಮಾಸ್ತನೇ ಏಜೆಂಟ್. ಕಂಡದ್ದನ್ನೆಲ್ಲ ಬರೆದುಕೊಳ್ಳುವ ಅಭ್ಯಾಸದ ಮನುಷ್ಯ.

ಏಣಿ ಡಬ್ಬ ಸುರಿದೆವು. ಜಾತಕ ಎಲ್ಲಕ್ಕಿಂತ ಮೇಲೆ ಬಿತ್ತು. ಬಿದ್ದದ್ದೇ ತಾನಾಗಿ ಬಿಚ್ಚಿಕೊಂಡಿತು. ಹದಿನೈದು ದಿನ ಮಡಿಸಿಟ್ಟ ಕಾಗದ ಹಾಗೆ ಮಾಡಬಾರದು.

"ಏನದು?" ಎಂದರು ಅಧಿಕಾರಿ.

"ಓಟಲ್ಲ ಸಾರ್," ಎಂದೆ ನಾನು.

"ಯಾಕಲ್ಲ?" ಎಂದ ಏಣಿಯ ಏಜೆಂಟ್. "ನಮ್ಮ ಡಬ್ಬದಲ್ಲಿ ಬಿದ್ದಿದೆ. ಹಾಕಿದವರ ಮನಸ್ಸು ಏಣಿ ಕಡೆ ಇತ್ತು ಅನ್ನೋದು ಸ್ಪಷ್ಟ. ಎಣಿಸಿ."

ಗೌಡರು ಕನ್ನಡಕ ಹಾಕಿಕೊಂಡು ಬಗ್ಗಿ ನೋಡಿದರು. "ಸ್ವಾಮಿ, ನನ್ನ ತಕರಾರಿದೆ. ಇದು ಹುಡುಗಿ ಹುಟ್ಟಿದ ದಿವಸ ಬರೆದಿರೋದು. ಹುಟ್ಟಿದ ದಿವಸ ಯಾವಳಿಗೆ ಓಟಿರ್ತದೆ?"

ಅಧಿಕಾರಿ ಎರಡೂ ಕಡೆಯ ವಾದ ಕೇಳಿದರು. ಜಾತಕವನ್ನು ತೆಗೆದುಕೊಂಡು ಓದಿದರು. ಅವರಿಗೆ ಜ್ಯೋತಿಷ್ಯದಲ್ಲಿ ಸ್ವಲ್ಪ ಪರಿಶ್ರಮವಿತ್ತೆಂದು ಕಾಣುತ್ತದೆ. "ಗುರು ಬಹಳ ಚೆನ್ನಾಗಿದ್ದಾನೆ," ಎಂದರು. "ಹುಟ್ಟಿದ್ದು ಸಾಯಂಕಾಲ. ಈ ವರ್ಷವೇ ಕಂಕಣ ಬಲ ಇದೆ." ಇಡೀ ಹಾಲಿನಲ್ಲಿ ಎಣಿಕೆ ನಿಂತು, ಎಲ್ಲ ಮೇಜಿನವರೂ ನಮ್ಮ ಮೇಜಿನ ಸುತ್ತ ಬಂದರು. ಏಣಿಯ ಏಜೆಂಟ್ ಕುಂಡಲಿಯನ್ನು ತನ್ನ ಪುಸ್ತಕಕ್ಕೆ ಮನೆಮನೆಯಾಗಿ ಇಳಿಸಿಕೊಂಡ; ಮುಂದೆ ಕೋರ್ಟಿಗೆ ಹೋಗಬೇಕಾದರೆ ಬೇಕಾಗುತ್ತದೆ ಎಂದ.

ಆಮೇಲೆ ಅಧಿಕಾರಿ ತೀರ್ಪು ಹೇಳಿದರು. ಇದು ಓಟಲ್ಲ, ಆದ್ದರಿಂದ ಲೆಕ್ಕಕ್ಕಿಲ್ಲ. ಇದು ಚುನಾವಣೆಯ ಕಾಗದವೂ ಅಲ್ಲ, ಆದ್ದರಿಂದ ಮೊಹರು ಹಾಕಿ ಖಜಾನೆಗೆ ಕಳಿಸುವಂತಿಲ್ಲ, ವಾರಸುದಾರರಿಗೆ ಕೊಟ್ಟುಬಿಡಬಹುದು. ನನಗೆ ಹೋದ ಜೀವ ಬಂತು.

"ಹಂಗೇ ಕೊಡಬ್ಯಾಡಿ ಸ್ವಾಮಿ," ಎಂದರು ಗೌಡರು. "ನಾಳೆ ಇನ್ನೊಂದು ಡಬ್ಬಕ್ಕೆ ಹಾಕಿದ್ರೆ? ಲೆಕ್ಕಕ್ಕಿಲ್ಲ ಅಂತ ಅದರ ಮೇಲೇ ಕಾಣಬೇಕು."

ನ್ಯಾಯವಾದ ಮಾತು ಎಂದು ಅಧಿಕಾರಿ ಮೇಜಿನ ಮೇಲಿದ್ದ ಮೊಹರನ್ನು ತೆಗೆದುಕೊಂಡು, ಮಸಿಗೆ ಅದ್ದಿ, ಗುರುಗ್ರಹ ಇದ್ದ ಮನೆಯ ಮೇಲೆ ಸರಿಯಾಗಿ 'ರಿಜೆಕ್ಟೆಡ್' ಎಂದು ಒತ್ತಿ, ಕೆಳಗೆ ರುಜು ಮಾಡಿದರು.

೬. ಮೇಲಿನ ಕೋರ್ಟು

ಅಂದು ಮಧ್ಯಾಹ್ನವೇ ತಕ್ಕಡಿ ಗೆದ್ದಿತು. ಮೇಷ್ಟ್ರಿಗೆ ಅದು ಮಾರನೆಯ ದಿನ ಗೊತ್ತಾಯಿತು.

ಜಾತಕವನ್ನು ತೆಗೆದುಕೊಂಡು ಮಾರನೆಯ ಬೆಳಿಗ್ಗೆ ಅವರು ಶಿರಸ್ತೇದಾರರ ಮನೆಗೆ ಹೊರಟರು. ಸಾಕ್ಷಿಗೆ ಇರಲಿ ಎಂದು ನನ್ನನ್ನೂ ಕರೆದುಕೊಂಡರು. ಮೊಹರಿನ ಮೇಲೆ ದೊಡ್ಡದೊಂದು ಸೇವಂತಿಗೆ ಇಟ್ಟಿದ್ದರು. ಶಿರಸ್ತೇದಾರರು ಹೂವು ತೆಗೆದು ಓದಿದರು.

"ಇದು ಯಾರ ರುಜು?"

"ಚುನಾವಣಾ ಅಧಿಕಾರಿಗಳದು," ಎಂದೆ ನಾನು. "ಅದು ಓಟಿಗೆ ಸಂಬಂಧಪಟ್ಟದ್ದು ಸಾರ್, ಹುಡುಗಿಗೆ ಸಂಬಂಧಪಟ್ಟದ್ದಲ್ಲ."

"ಹಾಗಂತ ಎಲ್ಲಿ ಬರೆದಿದ್ದಾರೆ?"

ಎಲ್ಲೂ ಬರೆದಿರಲಿಲ್ಲ.

"ನೋಡಿ, ಹುಡುಗಿ ಒಳ್ಳೆಯವಳೇ ಇರಬಹುದು. ನಿಮ್ಮ ಮೇಲೂ ನನಗೆ ಗೌರವ ಇದೆ," ಎಂದರು ಶಿರಸ್ತೇದಾರರು. "ಆದರೆ ಗೆಜೆಟೆಡ್ ಅಧಿಕಾರಿ, ಎರಡೂ ಪಕ್ಷದ ವಾದ ಕೇಳಿ, ತಿರಸ್ಕರಿಸಿ ರುಜು ಹಾಕಿದ್ದಾರೆ. ಕೆಳಗಿನ ನೌಕರ ನಾನು. ನಾನು ಹೇಗೆ ಸ್ವೀಕಾರ ಮಾಡಲಿ? ಇದಕ್ಕೆ ಮೇಲ್ಮನವಿ ಇದೆ. ಚುನಾವಣಾ ತಕರಾರು ಅರ್ಜಿ ಹಾಕಿ. ತೀರ್ಪು ನಿಮ್ಮ ಪರ ಬರಲಿ, ಲಗ್ನ ಇಡೋಣ."

"ಎಷ್ಟು ದಿನ ಹಿಡಿಯುತ್ತೆ?" ಎಂದು ಮೇಷ್ಟ್ರು ಕೇಳಿದರು.

ಶಿರಸ್ತೇದಾರರು ಯೋಚಿಸಿದರು. "ಬೇಗ ಆದರೆ, ಮುಂದಿನ ಚುನಾವಣೆಯೊಳಗೆ."

೭. ಮೇಷ್ಟ್ರ ಸತ್ಯ

ವಾಪಸು ಬಂದರೆ ಗೌಡರು ಮೇಷ್ಟ್ರ ಮನೆಯ ಜಗಲಿಯ ಮೇಲೆ ಕೂತಿದ್ದರು. ವಿಜಯದ ಹಾರ ಇನ್ನೂ ಕೊರಳಲ್ಲಿತ್ತು.

"ಏನ್ ಮೇಷ್ಟ್ರೇ, ತಕ್ಕಡೀಗೆ ಅಂತ ಮಾತು ಕೊಟ್ರಿ. ಮಗಳ ಜಾತಕ ಏಣಿ ಡಬ್ಬದಲ್ಲಿ ಸಿಗ್ತು. ತಂದೆ ಹೆಸರು, ಗೋತ್ರ ಎಲ್ಲ ಓದ್ದೆ. ಇಲ್ಲ ಅನ್ನಬ್ಯಾಡಿ."

"ಗೌಡ್ರೇ, ನಾನು ಏಣಿಗೆ ಓಟು ಹಾಕಿಲ್ಲ. ಸತ್ಯವಾಗಲೂ ಹಾಕಿಲ್ಲ."

"ಅದೆಂಗೆ?"

ಮೇಷ್ಟ್ರು ಒಳಗೆ ಹೋದರು. ಸರ್ಕಾರದ ಗುರುತಿದೆ ಎಂದು ಅವರ ಹೆಂಡತಿ ಆ ಓಟಿನ ಕಾಗದವನ್ನು ದೇವರ ಮುಂದೆ ಇಟ್ಟು ಇಷ್ಟು ದಿನ ಹೂವೇರಿಸಿದ್ದರು. ಮೇಷ್ಟ್ರು ತಂದು ತೋರಿಸಿದರು. "ನನ್ನ ಓಟು ಇಲ್ಲೇ ಇದೆ ನೋಡಿ."

ಒಂದು ತಪ್ಪು ಮಾಡಿಲ್ಲ ಎಂದು ತೋರಿಸಲು ಮನುಷ್ಯ ಇನ್ನೊಂದನ್ನು ಹೊರಗೆ ತಂದದ್ದನ್ನು ನಾನು ಕೋರ್ಟು ಕಚೇರಿಗಳಲ್ಲಿ ನೋಡಿದ್ದೆ, ಆದರೆ ಅರಿಸಿನ ಕುಂಕುಮ ಹಚ್ಚಿ ತಂದದ್ದನ್ನು ಅಂದೇ ನೋಡಿದ್ದು.

ಗೌಡರು ಕಾಗದವನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. "ಹಂಗಾದ್ರೆ ನಮಗೂ ಹಾಕಿಲ್ಲ."

"ಯಾರಿಗೂ ಹಾಕಿಲ್ಲ."

ಬಾಗಿಲಲ್ಲಿ ಮೇಷ್ಟ್ರ ಹೆಂಡತಿ ಬಂದು ನಿಂತಿದ್ದರು. ಗೌಡರು ಮುಂದಕ್ಕೆ ಬಾಗಿ ಮೆತ್ತಗೆ ಕೇಳಿದರು:

"ಗೆದ್ದಾಯ್ತಲ್ಲ, ಇದನ್ನ ನಾನು ಮಡೀಕಳ್ಳಾ? ಮುಂದಿನ ಸಲಕ್ಕೆ ಒಂದು ಕೈಯಲ್ಲಿರ್ಲಿ."

೮. ಸೋತವರ ತಟ್ಟೆ

ಮನೆ ಉಳಿಯಿತು. ಸಂಬಂಧ ಹೋಯಿತು. ಯುಗಾದಿಯ ದಿನ ಮೇಷ್ಟ್ರ ಮನೆಯಲ್ಲಿ ಒಬ್ಬಟ್ಟು ಮಾಡಿದ್ದರು, ತಿನ್ನುವವರು ಯಾರೂ ಇರಲಿಲ್ಲ. ಮಗಳು ಮಾತ್ರ ಎರಡು ತಿಂದು, "ನನ್ನನ್ನ ಸರ್ಕಾರವೇ ಬೇಡ ಅಂದುಬಿಡ್ತಲ್ಲ, ಅಷ್ಟು ದೊಡ್ಡವರು ಬೇರೆ ಯಾರನ್ನ ಬೇಡ ಅಂದಿದ್ದಾರೆ?" ಎಂದು ಮಿಷನ್ನಿನ ಮುಂದೆ ಕೂತಳು. ಆದರೆ ಅವತ್ತು ದಾರ ಪೋಣಿಸಲು ಅವಳಿಗೆ ಬಹಳ ಹೊತ್ತು ಹಿಡಿಯಿತು ಎಂದು ನನ್ನ ಹೆಂಡತಿ ಆಮೇಲೆ ಹೇಳಿದಳು.

ಮಧ್ಯಾಹ್ನ ಮೂರು ಗಂಟೆಗೆ ವಠಾರದ ಮುಂದೆ ಒಂದು ಜಟಕಾ ನಿಂತಿತು. ಇಳಿದವರು ಸೋತ ಅಭ್ಯರ್ಥಿ, ಏಣಿಯ ಸಾಹುಕಾರರು. ಹಿಂದೆ ಅವರ ಹೆಂಡತಿ, ಕೈಯಲ್ಲಿ ತಟ್ಟೆ. ತಟ್ಟೆಯಲ್ಲಿ ಬಾಳೆಹಣ್ಣು, ತೆಂಗಿನಕಾಯಿ, ಒಂದು ಸೀರೆ. ಅವರ ಹಿಂದೆ ಇಪ್ಪತ್ತೈದರ ಆಸುಪಾಸಿನ ಮಗ. ಮೇಷ್ಟ್ರು ಗಾಬರಿಯಾಗಿ ನನ್ನನ್ನು ಕೂಗಿದರು.

ಸಾಹುಕಾರರು ಚಾಪೆಯ ಮೇಲೆ ಕೂತು, ಹಣೆಯ ವಿಭೂತಿಯ ಮೇಲಿನ ಬೆವರು ಒರೆಸಿಕೊಂಡು, ಮಾತು ಶುರು ಮಾಡಿದರು.

"ಮೇಷ್ಟ್ರೇ, ಈ ಕ್ಷೇತ್ರದಲ್ಲಿ ನಾನು ಕೈಮುಗಿಯದ ಮನೆ ಇಲ್ಲ. ಮಡಿವಾಳದಿಂದ ಸಾರಕ್ಕಿವರೆಗೆ ಎಲ್ಲರೂ ಓಟು ಕೊಡ್ತೀವಿ ಅಂತ ಮಾತು ಕೊಟ್ಟರು. ಯಾರೂ ಕೊಡಲಿಲ್ಲ. ನೀವು ಮಾತೇ ಕೊಡಲಿಲ್ಲ. ಆದರೆ ಡಬ್ಬದಲ್ಲಿ ಮಗಳನ್ನೇ ಕೊಟ್ಟಿರಿ."

"ಅದು ಹಾಗಲ್ಲ ಸಾಹುಕಾರ್ರೇ..."

"ಎಲ್ಲ ಕಡೆ ಜನ ಡಬ್ಬಕ್ಕೆ ಅರ್ಜಿ ಹಾಕಿದ್ದಾರೆ. ದೀಪ ಬೇಕು, ನಲ್ಲಿ ಬೇಕು ಅಂತ. ನೀವು ಹಾಕಿದ್ದು ನನ್ನ ಕೈಲಾಗೋ ಅರ್ಜಿ. ನಲ್ಲಿ ಹಾಕಿಸೋಕೆ ಗೆಲ್ಲಬೇಕಿತ್ತು. ಇದಕ್ಕೆ ಗೆಲ್ಲಬೇಕಾಗಿಲ್ಲ. ನಮ್ಮ ಗುಮಾಸ್ತ ನಿಮ್ಮ ಹೆಸರು, ಕುಂಡಲಿ ಎರಡೂ ಬರೆದುಕೊಂಡು ಬಂದಿದ್ದ. ಮಗನದಕ್ಕೆ ಕೂಡಿಸಿ ನೋಡಿಸಿದೆ. ಬಹಳ ಚೆನ್ನಾಗಿ ಕೂಡುತ್ತೆ."

ಏಜೆಂಟನ ನಕಲಿನಲ್ಲಿ ಮೊಹರು ಇರಲಿಲ್ಲ ಎನ್ನುವುದು ನನಗೆ ಆಗ ಹೊಳೆಯಿತು.

ಮೇಷ್ಟ್ರು ಸುಳ್ಳು ಹೇಳುವವರಲ್ಲ. ಜೇಬು, ಎರಡು ಕಾಗದ, ಶಿರಸ್ತೇದಾರರ ಮನೆ, ಎಲ್ಲ ಹೇಳಿಬಿಟ್ಟರು. ಸಾಹುಕಾರರ ಮುಖ ಫಲಿತಾಂಶದ ದಿನಕ್ಕಿಂತ ಹೆಚ್ಚು ಇಳಿಯಿತು.

"ಅಂದರೆ ಅದೂ ನನಗಲ್ಲ?"

"ಓಟು ನಿಮಗೇ ಹಾಕಬೇಕು ಅಂತಿದ್ದೆ," ಎಂದರು ಮೇಷ್ಟ್ರು ಕಕ್ಕುಲಾತಿಯಿಂದ. "ನಿಮ್ಮ ಏಣಿ ಬಹಳ ಚೆನ್ನಾಗಿತ್ತು."

"ಸಾಕು. ಅಷ್ಟು ಸಾಕು," ಎಂದರು ಸಾಹುಕಾರರು. "ತಪ್ಪಿ ಬಿದ್ದದ್ದಾದರೂ ಆಗಲಿ, ನಮ್ಮ ಡಬ್ಬದಲ್ಲೇ ಬಿತ್ತಲ್ಲ. ನಿಮಗೆ ಒಪ್ಪಿಗೆ ಇದ್ದರೆ ಹೇಳಿ."

ಮೇಷ್ಟ್ರು ಹೆಂಡತಿಯ ಮುಖ ನೋಡಿದರು. ಹೆಂಡತಿ ಒಳಗಿನ ಬಾಗಿಲ ಕಡೆ ನೋಡಿದರು. ಬಾಗಿಲ ಹಿಂದಿನಿಂದ ಮಗಳ ದನಿ ಬಂತು:

"ಅಮ್ಮ, ಅವರು ಯಾರಿಗೆ ಓಟು ಹಾಕಿದ್ರು ಅಂತ ಕೇಳು."

"ಯಾರು, ಸಾಹುಕಾರ್ರಾ?"

"ಅಲ್ಲ. ಹುಡುಗ."

ಎಲ್ಲರೂ ಹುಡುಗನ ಕಡೆ ತಿರುಗಿದರು. ಇದೆಂಥ ಪ್ರಶ್ನೆ ಎಂದು ಸಾಹುಕಾರರು ನಕ್ಕರು. ಹುಡುಗ ನಗಲಿಲ್ಲ. ಕಿವಿ ಕೆಂಪಾಯಿತು. ಚಾಪೆಯ ಅಂಚಿನಿಂದ ಒಂದು ಕಡ್ಡಿ ಎಳೆದ.

"ಹೇಳೋ, ಅದಕ್ಕೇನು ನಾಚಿಕೆ?" ಎಂದರು ಸಾಹುಕಾರರು.

"ತಕ್ಕಡಿಗೆ," ಎಂದ ಹುಡುಗ.

ಸಾಹುಕಾರರು ಮತ್ತೆ ಹಣೆ ಒರೆಸಿಕೊಂಡರು; ಈ ಸಲ ವಿಭೂತಿಯೂ ಹೋಯಿತು.

"ಅಪ್ಪ ಗೆದ್ದಿದ್ರೆ ವಿಧಾನಸೌಧದಲ್ಲಿ ಕೂರ್ತಿದ್ರು. ಅಂಗಡಿ ನನ್ನ ತಲೆಗೆ ಬರ್ತಿತ್ತು," ಎಂದು ಅವನು ಚಾಪೆಗೇ ಹೇಳಿದ. "ನನಗೆ ರೇಡಿಯೋ ರಿಪೇರಿ ಕಲೀಬೇಕು ಅಂತ ಇದೆ. ಇವರು ಯಾಕೆ ಕೇಳಿದ್ರೋ ಗೊತ್ತಿಲ್ಲ,  ಆದರೆ ಮೊದಲನೇ ದಿನವೇ ಸುಳ್ಳು ಹೇಳೋದು ಬೇಡ ಅನ್ನಿಸಿತು."

ಬಾಗಿಲ ಹಿಂದೆ ಫಕ್ಕನೆ ನಗು ಕೇಳಿಸಿತು. ಮೇಷ್ಟ್ರು ಸಂಬಂಧ ಇಲ್ಲಿಗೆ ಮುರಿಯಿತು ಎಂದುಕೊಂಡು ತಲೆ ತಗ್ಗಿಸಿದರು. ಅಷ್ಟರಲ್ಲಿ ಮಗಳೇ ಕಾಫಿಯ ತಟ್ಟೆ ಹಿಡಿದು ಹೊರಗೆ ಬಂದಳು. ಪದ್ಧತಿಯಂತೆ ಮೊದಲು ಹಿರಿಯರಿಗೆ ಕೊಡಬೇಕು. ಅವಳು ನೇರವಾಗಿ ಹುಡುಗನ ಮುಂದೆ ನಿಂತು ಮೊದಲ ಲೋಟ ಕೊಟ್ಟಳು. ಎರಡನೆಯ ಕುಂಡಲಿ ಸರಿಯಾಗಿತ್ತು ಎಂದು ಆಗ ಖಚಿತವಾಯಿತು.

"ಒಪ್ಪಿದ ಹಾಗೆ," ಎಂದು ಮೇಷ್ಟ್ರ ಹೆಂಡತಿ ಕಣ್ಣೊರೆಸಿಕೊಂಡರು. ಮೇಷ್ಟ್ರು ಎದ್ದು ನಿಂತು, ಮತ್ತೆ ಕೂತು, ಯಾರಿಗೆ ಕೈಮುಗಿಯಬೇಕೆಂದು ತಿಳಿಯದೆ ನನಗೆ ಮುಗಿದರು.

ಸಾಹುಕಾರರೊಬ್ಬರು ಮಾತ್ರ ಈ ಸಂತೋಷದಲ್ಲಿ ಇರಲಿಲ್ಲ. ಅವರು ಲೋಟ ಕೈಯಲ್ಲಿ ಹಿಡಿದು ಸೂರು ನೋಡುತ್ತಿದ್ದರು. ಸೋಲಿನ ಕಾರಣ ಹುಡುಕಲು ಮೂರು ದಿನದಿಂದ ಅವರು ಹಳ್ಳಿ ಹಳ್ಳಿ ಸುತ್ತಿದ್ದರು. ಒಂದು ಕಾರಣ ಮನೆಯಿಂದಲೇ ಜೊತೆಗೆ ಜಟಕಾ ಹತ್ತಿ ಬಂದಿತ್ತು. ಸ್ವಲ್ಪ ಹೊತ್ತಾದ ಮೇಲೆ ಅವರ ಕಣ್ಣು ಸೂರಿನಿಂದ ಇಳಿದು, ಮಗನನ್ನು ದಾಟಿ, ಹೆಂಡತಿಯ ಮೇಲೆ ನಿಂತಿತು.

"ಹಾಗಾದರೆ ನೀನು?"

ಆ ತಾಯಿ ಸೀರೆಯ ಮಡಿಕೆ ಸರಿಮಾಡಿ, ಬಾಳೆಹಣ್ಣನ್ನು ಒಂದೊಂದಾಗಿ ನೆಟ್ಟಗೆ ಜೋಡಿಸಿ, ತಟ್ಟೆಯನ್ನು ಬೀಗಿತ್ತಿಯ ಮುಂದೆ ಸರಿಸಿದರು.

"ಮೊದಲು ಹುಡುಗಿಗೆ ಹೂವು ಮುಡಿಸೋಣ ಬನ್ನಿ," ಎಂದರು. "ನನ್ನ ಡಬ್ಬ ಮನೆಗೆ ಹೋದಮೇಲೆ ತೆರೀರಂತೆ."